ಟರ್ನ್‌ಬೆರಿಯ ಏಲ್ಸಾ ಕೋರ್ಸ್: ಒಂದು ರೌಂಡಿಗೆ ಲಕ್ಷ ರೂಪಾಯಿ ಕೊಡಬಹುದೇ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಟರ್ನ್‌ಬೆರಿ ಗಾಲ್ಫ್ ರೆಸಾರ್ಟನ್ನು ಡೊನಾಲ್ಡ್ ಟ್ರಂಪ್ ಕೊಂಡದ್ದು 2014ರಲ್ಲಿ. ಮಾರ್ಟಿನ್ ಎಬರ್ಟ್ ಮರುವಿನ್ಯಾಸ ಮಾಡಿದ ಏಲ್ಸಾ ಕೋರ್ಸ್ 2016ರಲ್ಲಿ ಮತ್ತೆ ತೆರೆಯಿತು. ಮಾಲೀಕರ ರಾಜಕೀಯ ಹಿಡಿಸಲಿ, ಬಿಡಲಿ, ಈ ಕೆಲಸದಲ್ಲಿ ಹುಳುಕು ಹುಡುಕುವುದು ಕಷ್ಟ. ತಕರಾರು ಏನಿದ್ದರೂ ದರದ ಬಗ್ಗೆ.

2025ರ ಹಂಗಾಮಿನಲ್ಲಿ, ಹೋಟೆಲಿನಲ್ಲಿ ತಂಗದವರು ಮಧ್ಯಾಹ್ನ 1 ಗಂಟೆಯೊಳಗೆ ಆಟ ಶುರು ಮಾಡಬೇಕೆಂದರೆ 1,000 ಪೌಂಡ್. ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತದೆ, ಕ್ಯಾಡಿಯ (ಬ್ಯಾಗು ಹೊತ್ತು ಸಲಹೆ ಕೊಡುವ ಸಹಾಯಕನ) ಹಣ ಬೇರೆ. ಅಲ್ಲೇ ತಂಗಿದವರಿಗೆ ದರ ಬಹಳ ಕಡಿಮೆ, 1 ಗಂಟೆಯ ನಂತರ ಹೊರಗಿನವರಿಗೂ ಇಳಿಯುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಹೊತ್ತಿಗೆ. 2 ಗಂಟೆಗೆ ಹೊರಟರೂ ಹದಿನೆಂಟು ಹೋಲ್ ಮುಗಿಸಿ ಬೆಳಕು ಮಿಗುತ್ತದೆ. ಬೆಳಗಿನ ಸ್ಲಾಟಿಗೆ ಪೂರ್ತಿ ದರ ತೆರುವುದು ದುಂದು.

ಕೋರ್ಸಿನ ಜೀವ ಇರುವುದು 9, 10, 11ನೆಯ ಹೋಲ್‌ಗಳಲ್ಲಿ. ಮೊದಲು 9ನೆಯದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಫೇರ್‌ವೇ (ಗುಳಿಯತ್ತ ಸಾಗುವ ಹುಲ್ಲಿನ ಹಾದಿ) ಎತ್ತಿನ ಬೆನ್ನಿನಂತೆ ಉಬ್ಬಿದ್ದರಿಂದ ಸರಿಯಾಗಿ ಹೊಡೆದ ಚೆಂಡೂ ಪಕ್ಕಕ್ಕೆ ಉರುಳುತ್ತಿತ್ತು. ಎಬರ್ಟ್ ಅದನ್ನು ಪಾರ್ 3 ಮಾಡಿದರು. ಈಗ ಬಂಡೆಗಲ್ಲುಗಳ ಕೊಲ್ಲಿಯ ಮೇಲಿಂದ, ಲೈಟ್‌ಹೌಸ್ ಕಡೆಗೆ ಹೊಡೆಯಬೇಕು. ಎಲ್ಲಕ್ಕಿಂತ ಹಿಂದಿನ ಟೀಯಿಂದ (ಮೊದಲ ಹೊಡೆತದ ಜಾಗ) ದೂರ ಸುಮಾರು 250 ಗಜ, ಎದುರುಗಾಳಿ ಇದ್ದರೆ ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರೇ ಬೇಕು. ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರುವ ಅಂಕ, ಹೆಚ್ಚಿದ್ದಷ್ಟೂ ಆಟ ದುರ್ಬಲ) 12 ದಾಟಿದವರು ಜಂಬ ಬಿಟ್ಟು ಮುಂದಿನ ಟೀಗೆ ಹೋಗುವುದು ಲೇಸು. 1873ರ ಆ ಲೈಟ್‌ಹೌಸ್ ಒಳಗೇ ತಿಂಡಿ-ಕಾಫಿ. 10ನೆಯದು ಈಗ ಪಾರ್ 5, ಎಡಕ್ಕೆ ಉದ್ದಕ್ಕೂ ಸಮುದ್ರ. 16ರಲ್ಲಿ ಗ್ರೀನಿನ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದೆ ತೊರೆ ಇದೆ, ಚೆಂಡು ಸ್ವಲ್ಪ ಗಿಡ್ಡವಾದರೂ ಇಳಿಜಾರಿನಲ್ಲಿ ಜಾರಿ ನೀರಿಗೆ ಬೀಳುತ್ತದೆ. ಅಲ್ಲಿ ಒಂದು ಕ್ಲಬ್ ಹೆಚ್ಚೇ, ಅಂದರೆ ಒಂದು ಹಂತ ಹೆಚ್ಚು ದೂರ ಹೊಡೆಯುವುದನ್ನೇ ಹಿಡಿಯಿರಿ.

ಬೆಂಗಳೂರಿನಲ್ಲಿ ಆಡಿ ಹೋದವರು ಎಡವುವುದು ದೂರದ ಅಂದಾಜಿನಲ್ಲಿ. ನಮ್ಮೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಶೇ 3ರಷ್ಟು ಹೆಚ್ಚು ಹಾರುತ್ತದೆ. ಟರ್ನ್‌ಬೆರಿಯಲ್ಲಿ ಕಡಲಮಟ್ಟದ ದಟ್ಟ ಗಾಳಿಯ ಜೊತೆಗೆ ಚಳಿ. ಗಾಳಿ ಬೀಸದ ದಿನವೂ ಇಲ್ಲಿಯ 7 ಐರನ್ ಕ್ಲಬ್ಬಿನ ದೂರಕ್ಕೆ ಅಲ್ಲಿ ಇನ್ನೂ ದೂರ ಹೊಡೆಯುವ 6 ಬೇಕಾಗುತ್ತದೆ. ಇನ್ನೊಂದು ತಪ್ಪೆಂದರೆ ಎತ್ತರಕ್ಕೆ ಹೊಡೆದು ಗ್ರೀನಿನಲ್ಲಿ ನಿಲ್ಲಿಸಲು ನೋಡುವುದು. ಮರಳಿನ ಮೇಲೆ ಬೆಳೆದ ಫೆಸ್ಕ್ಯೂ ಹುಲ್ಲು ಗಟ್ಟಿ, ಚೆಂಡು ಪುಟಿದು ಆಚೆ ಹೋಗುತ್ತದೆ. ಗ್ರೀನಿಗೆ ಹದಿನೈದಿಪ್ಪತ್ತು ಗಜ ಮುಂಚೆಯೇ ಬೀಳಿಸಿ ಉರುಳಿಸಿ. ಚೆಂಡನ್ನು ಎತ್ತರಕ್ಕೆ ಎತ್ತುವ 60 ಡಿಗ್ರಿ ವೆಜ್ ಕ್ಲಬ್ ಬ್ಯಾಗಿನಲ್ಲೇ ಇರಲಿ. ಗೋರ್ಸ್ ಮುಳ್ಳುಪೊದೆಗೆ ಹೋದ ಚೆಂಡನ್ನು ಹುಡುಕಬೇಡಿ, ಕೈ ತರಚಿಕೊಳ್ಳುವುದಷ್ಟೇ ಲಾಭ.

ಕ್ಯಾಡಿ ಬೇಕೇ? ಮೊದಲ ಸಲವಾದರೆ ಖಂಡಿತ ಬೇಕು. ಹೊಡೆತದ ಗುರಿ, ಗಾಳಿಯ ಲೆಕ್ಕ ಅವರಿಗೇ ಗೊತ್ತು.

2017ರಲ್ಲಿ ತೆರೆದ ಪಕ್ಕದ ಕಿಂಗ್ ರಾಬರ್ಟ್ ದ ಬ್ರೂಸ್ ಕೋರ್ಸೂ ಚೆನ್ನಾಗಿದೆ, ಆದರೆ ಏಲ್ಸಾದ ಎದುರು ಎರಡನೆಯದೇ.

ಇಲ್ಲಿ ಓಪನ್ ಚಾಂಪಿಯನ್‌ಷಿಪ್ ನಾಲ್ಕು ಸಲ ನಡೆದಿದೆ: 1977, 1986, 1994, 2009. ಟ್ರಂಪ್ ಕೈಗೆ ಬಂದ ಮೇಲೆ ಒಂದೂ ಇಲ್ಲ. 2021ರ ಜನವರಿಯಲ್ಲಿ, ವಾಷಿಂಗ್ಟನ್ನಿನ ಸಂಸತ್ ಭವನದ ದಾಳಿಯ ಬೆನ್ನಲ್ಲೇ, ಸದ್ಯಕ್ಕೆ ಅಲ್ಲಿ ಪಂದ್ಯ ನಡೆಸುವುದಿಲ್ಲ ಎಂದು ಓಪನ್ ನಡೆಸುವ ಸಂಸ್ಥೆ ಆರ್ ಅಂಡ್ ಎ ಹೇಳಿತು. ಈಚೆಗೆ ಅವರು ರಸ್ತೆ, ರೈಲು, ವಸತಿಯ ಕೊರತೆಯನ್ನೂ ಮುಂದಿಡುತ್ತಿದ್ದಾರೆ. ಅದು ಬರೀ ನೆಪವಲ್ಲ. ಹತ್ತಿರದ ರೈಲು ನಿಲ್ದಾಣಗಳೆಂದರೆ ಗರ್ವನ್ ಮತ್ತು ಮೇಬೋಲ್, ಅಲ್ಲಿಂದ ಟ್ಯಾಕ್ಸಿಯೇ ಗತಿ. ಗಾಲ್ಫ್ ಬ್ಯಾಗ್ ಹಿಡಿಸುವಷ್ಟು ದೊಡ್ಡ ಗಾಡಿಯನ್ನು ಹಿಂದಿನ ದಿನವೇ ಹೇಳಿಟ್ಟಿರಿ.