ಜೇಬಿನ ಹೊಸ ಒಡಂಬಡಿಕೆ: ಕೊಡಗಿನ ಮಳೆಗೂ ಸಾವಿನ ಮನೆಗೂ

ರೋಗಿಗಳನ್ನು, ಸಾವಾದ ಮನೆಯವರನ್ನು ನೋಡಲು ಹೋಗುವ ಕ್ರೈಸ್ತರ ಜೇಬಿನಲ್ಲಿ ಇರುವ ಪುಟ್ಟ ಪುಸ್ತಕ ಇದು. ಬೈಬಲಿನ ಹೊಸ ಒಡಂಬಡಿಕೆಯ 27 ಪುಸ್ತಕಗಳು, ಜೊತೆಗೆ ಕೀರ್ತನೆಗಳು ಮತ್ತು ಜ್ಞಾನೋಕ್ತಿಗಳು. ಅಕ್ಷರ ಸಾಸಿವೆ ಕಾಳಿನಷ್ಟು. ಕರೆಂಟ್ ಹೋದ ಮನೆಯಲ್ಲಿ ಟಾರ್ಚ್ ಹಿಡಿದು ತಡವರಿಸುವುದಕ್ಕಿಂತ, ಓದಬೇಕಾದ ಭಾಗವನ್ನು ಮೊದಲೇ ಎರಡು ಸಲ ಓದಿಕೊಂಡು ಹೋಗುವುದು ಮೇಲು. ಕೊಳ್ಳುವಾಗ ನಡುವೆ ಬಿಡಿಸಿ ನೋಡಿ, ದಾರದ ಹೊಲಿಗೆ ಕಾಣಬೇಕು. ಬರೀ ಗೋಂದಿನದಾದರೆ ಜುಲೈ ತಿಂಗಳ ತೇವಕ್ಕೆ ಹಾಳೆ ಕಳಚುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟರೆ ಬೆನ್ನು ಬಿರಿಯುತ್ತದೆ.

ಯಾವ ಅನುವಾದ ಎಂಬುದನ್ನೂ ನೋಡಿಯೇ ಕೊಳ್ಳಿ. ಹಳೆಯದರಲ್ಲಿ ದೇವರ ಹೆಸರು ಯೆಹೋವ. ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಕಾಲದ ಆನಂದಪುರದಂಥ ಪ್ರಾಟೆಸ್ಟೆಂಟ್ ಸಭೆಗಳ ಹಿರಿಯರಿಗೆ ಕಿವಿಗೆ ಹತ್ತಿದ್ದು ಅದೇ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಕಡೆಯ ಕ್ಯಾಥೊಲಿಕರಿಗೆ ‘ಸರ್ವೇಶ್ವರ’, ‘ಪ್ರಭು’ ಹತ್ತಿರ. ಇನ್ನೊಂದು ತೊಡಕು ಕೊಡಗಿಗೇ ಸೇರಿದ್ದು. 23ನೇ ಕೀರ್ತನೆ ಹಳೆಯ ಅನುವಾದದಲ್ಲಿ ಯೆಹೋವನನ್ನು ‘ಕುರುಬನು’ ಅನ್ನುತ್ತದೆ. ಜೇನು ಕುರುಬರ ಹಾಡಿಯಲ್ಲಿ ಆ ಮಾತಿಗೆ ಕುರಿಯೂ ಹೊಳೆಯುವುದಿಲ್ಲ, ಕುರಿ ಕಾಯುವವನೂ ಹೊಳೆಯುವುದಿಲ್ಲ. ಅದು ಅವರದೇ ಜನದ ಹೆಸರು, ಅವರ ಕಸುಬು ಜೇನು, ಕಾಡು. ಅಲ್ಲಿ ‘ಕುರಿಗಾಹಿ’ ಎಂದಿರುವ ಅನುವಾದ ಒಯ್ಯಿರಿ.

ಈ ಪುಸ್ತಕದ ದೊಡ್ಡ ಕೊರತೆ ಮುದ್ರಣದ್ದಲ್ಲ. ಸುಮ್ಮನಿರುವುದನ್ನು ಕಲಿಸುವ ಹಳೆಯ ಒಡಂಬಡಿಕೆಯ ಎರಡು ಪುಸ್ತಕಗಳೇ ಇದರಲ್ಲಿಲ್ಲ: ಯೋಬ ಮತ್ತು ಪ್ರಸಂಗಿ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು (2:13). ಅಲ್ಲಿಯವರೆಗೆ ಅವರದು ತಪ್ಪಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟರು, ಕೊನೆಗೆ ದೇವರಿಂದಲೇ ಬೈಸಿಕೊಂಡರು (42:7). ಇದು ಕೈಯಲ್ಲಿಲ್ಲದವರು 1 ಪೇತ್ರ 3:15 ಒಂದನ್ನೇ ಹಿಡಿದು ಎಲ್ಲೆಡೆ ಉಪದೇಶ ಶುರು ಹಚ್ಚುತ್ತಾರೆ. ಆ ವಚನವೂ ಹೇಳುವುದು ಕೇಳಿದವರಿಗೆ ಉತ್ತರ ಕೊಡಿ ಎಂದು, ಅದೂ ಸಾತ್ವಿಕತೆಯಿಂದ.

ಆದರೂ ಯೋಹಾನ 11 ಇದರಲ್ಲಿದೆ, ಅದೊಂದೇ ಅಧ್ಯಾಯಕ್ಕಾಗಿ ಪುಸ್ತಕ ಕೊಳ್ಳಬಹುದು. ಲಾಜರ ಸತ್ತು ನಾಲ್ಕು ದಿನ. ಮಾರ್ಥಳು ಯೇಸುವಿಗೆ ಹೇಳುತ್ತಾಳೆ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ (ವಚನ 21). ಅವಳ ಸೋದರಿ ಮರಿಯಳೂ ಅದೇ ಮಾತು ಹೇಳುತ್ತಾಳೆ (32). ಮಾರ್ಥಳೊಡನೆ ಪುನರುತ್ಥಾನದ ಮಾತು ನಡೆಯುತ್ತದೆ, ಅವಳು ನಿಂತು ಉತ್ತರ ಕೊಡಬಲ್ಲಳು. ಮರಿಯಳು ಕಾಲಿಗೆ ಬಿದ್ದಿದ್ದಾಳೆ, ಅಳುತ್ತಿದ್ದಾಳೆ. ಅವಳಿಗೆ ಯೇಸು ಉಪದೇಶ ಮಾಡಲಿಲ್ಲ, ಕಣ್ಣೀರು ಬಿಟ್ಟನು (35). ಹೋದ ಮನೆಯಲ್ಲಿ ಎದುರಿಗಿರುವವರು ಇಬ್ಬರಲ್ಲಿ ಯಾರು ಎಂದು ಮೊದಲು ನೋಡಿ.

ಬಳಸುವ ಬಗೆ. ಕೊಡವರ ಮನೆಯಲ್ಲಿ ಎರಡು ಗುಂಡು ಹಾರಿ ಸಾವಿನ ಸುದ್ದಿ ಬಂದರೆ ಪುಸ್ತಕ ಜೇಬಿನಲ್ಲೇ ಇರಲಿ, ಕುರ್ಚಿ ಹಾಕುವುದಕ್ಕೆ ಕೈ ಸೇರಿಸಿ. ತಿಂಗಳು ಕಳೆದು ಆ ಮನೆಯವರೇ ‘ನಿಮ್ಮಲ್ಲಿ ಸತ್ತ ಮೇಲೆ ಏನಂತಾರೆ?’ ಎಂದು ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಬೇಕಿದ್ದರೆ ಮತ್ತೆ ಕೇಳುತ್ತಾರೆ. ಆಸ್ಪತ್ರೆಯಲ್ಲಿ ‘ಪ್ರಾರ್ಥನೆ ಮಾಡೋಣ’ ಅನ್ನಬೇಡಿ, ಬೇಡ ಅನ್ನಲು ರೋಗಿಗೆ ದಾರಿ ಉಳಿಯುವುದಿಲ್ಲ. ‘ಈಗ ಪ್ರಾರ್ಥನೆ ಮಾಡ್ಲಾ, ಇನ್ನೊಂದು ದಿನ ಬರ್ಲಾ?’ ಎಂದು ಕೇಳಿ. ತೋಟದ ಸಾವ್ಕಾರರೋ ಲೆಕ್ಕ ಬರೆಯುವ ರೈಟರೋ ಆಗಿರುವವರು ಕೂಲಿಯವರ ಲೈನ್ ಮನೆಗಳಲ್ಲಿ ಇದನ್ನು ಹಂಚಲೇಬಾರದು, ಬಟವಾಡೆ ದಿನವಂತೂ ದೂರದ ಮಾತು. ಕೂಲಿ ಕೊಡುವ ಕೈಯೇ ಪುಸ್ತಕ ನೀಡಿದರೆ ಇಷ್ಟವಿಲ್ಲದವರೂ ತಗೊಳ್ಳುತ್ತಾರೆ.

121ನೇ ಕೀರ್ತನೆಗೆ ಇಲ್ಲಿ ಜಾಸ್ತಿ ಎಚ್ಚರ ಬೇಕು. ಮೊದಲ ವಚನದಲ್ಲಿ ಕಣ್ಣೆತ್ತಿ ಬೆಟ್ಟಗಳನ್ನು ನೋಡುವ ಮಾತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಬೆಟ್ಟವೇ ಜರಿದು ಮನೆಗಳ ಮೇಲೆ ಬಂತು. ಅಲ್ಲಿಯವರ ಮುಂದೆ ಮೊದಲ ವಚನಕ್ಕೇ ಓದು ನಿಲ್ಲಿಸಬೇಡಿ. ಸಹಾಯ ಬರುವುದು ಭೂಮಿ ಆಕಾಶಗಳನ್ನು ಉಂಟುಮಾಡಿದವನಿಂದ, ಬೆಟ್ಟದಿಂದಲ್ಲ ಎಂಬುದು ಎರಡನೇ ವಚನದಲ್ಲಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಓದಿ, ಪುಸ್ತಕ ಮುಚ್ಚಿ.