ಮ್ಯಾಡ್ರಿಡ್‌ನಲ್ಲಿ ಸ್ನೇಹಿತರನ್ನು ಕರೆಯಲು: ಸಲೀರ್, ಕೆದಾರ್ ಅಥವಾ ತೊಮಾರ್ ಆಲ್ಗೊ?

ಇಂಗ್ಲಿಷಿನ ‘ಗೋಯಿಂಗ್ ಔಟ್’ ಎಂದು ಟೈಪಿಸಿದರೆ ಅನುವಾದದ ಆ್ಯಪ್‌ಗಳು ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಕೊಡುವುದು ‘ಸಲೀರ್’. ತಪ್ಪೇನಿಲ್ಲ. ಆದರೆ ಮ್ಯಾಡ್ರಿಡ್‌ನ ಗೆಳೆಯರ ಜೊತೆ ಸಲೀರ್, ಕೆದಾರ್, ತೊಮಾರ್ ಆಲ್ಗೊ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಪಟ್ಟಿಯಲ್ಲಿ ಅದಕ್ಕೇ ಕೊನೆಯ ಜಾಗ.

ಶುಕ್ರವಾರ ‘ಸಲೀಮೋಸ್?’ (ಹೊರಗೆ ಹೋಗೋಣ್ವಾ?) ಎಂದರೆ ಕೇಳಿದವರು ದೊಡ್ಡ ರಾತ್ರಿಗೇ ತಯಾರಾಗುತ್ತಾರೆ. ಬಾರು, ಆಮೇಲೆ ಡಿಸ್ಕೋ, ಮನೆ ಸೇರುವಾಗ ಬೆಳಗಿನ ಜಾವ. ಊಟಕ್ಕೇ ಒಂಬತ್ತು ದಾಟುವ ಊರು, ನೀವೇ ಲೆಕ್ಕ ಹಾಕಿ. ಒಬ್ಬರನ್ನೇ ಕರೆದು ‘ಸಲೀರ್ ಕೊನ್ಮಿಗೊ’, ಅಂದರೆ ನನ್ನ ಜೊತೆ ಹೊರಗೆ ಬರುವುದು, ಅಂದರಂತೂ ಅದು ಡೇಟಿಂಗಿಗೆ ಕರೆದ ಹಾಗೆ. ‘ಎಸ್ತಾನ್ ಸಲಿಯೆಂದೊ’ ಎಂದರೆ ಅವರಿಬ್ಬರ ಮಧ್ಯೆ ಏನೋ ನಡೀತಿದೆ ಅಂತ.

ನನಗೆ ಇಷ್ಟವಾಗಿದ್ದು ‘ಕೆದಾರ್’. ಹೊತ್ತು, ಜಾಗ ಗೊತ್ತು ಮಾಡಿಕೊಂಡು ಸೇರುವುದು. ‘ಕೆದಾಮೋಸ್ ಆ ಲಾಸ್ ನ್ವೆವೆ ಎನ್ ಸೋಲ್’ ಎಂದು ಮೆಸೇಜ್ ಹಾಕಿದರೆ ಸಾಕು, ಒಂಬತ್ತಕ್ಕೆ ಪುವೆರ್ತಾ ದೆಲ್ ಸೋಲ್ ಚೌಕದಲ್ಲಿ, ಬಹುಶಃ ಅಲ್ಲಿರುವ ಕರಡಿಯ ಪ್ರತಿಮೆಯ ಹತ್ತಿರವೇ ಸಿಗುತ್ತಾರೆ. ಇದರ ಇನ್ನೊಂದು ಉಪಯೋಗ ನನಗೆ ಇನ್ನೂ ಹಿಡಿಸಿತು. ಯಾರಾದರೂ ಕರೆದಾಗ ಹೋಗೋಕೆ ಮನಸ್ಸಿಲ್ಲವಾ? ‘ನೊ ಪ್ವೆದೊ, ಎ ಕೆದಾದೊ.’ ಆಗಲ್ಲ, ಬೇರೆಯವರಿಗೆ ಸಿಗ್ತೀನಿ ಅಂದಿದ್ದೀನಿ. ಯಾರಿಗೆ ಅಂತ ಯಾರೂ ಕೆದಕುವುದಿಲ್ಲ!

ಒಂದೇ ತೊಡಕು, ಮುಂದೆ ಬರುವ ಪುಟ್ಟ ‘ಮೆ’. ‘ಕೆದೊ ಕೋನ್ ಆನಾ’ ಎಂದರೆ ಆನಾಳನ್ನು ಭೇಟಿಯಾಗುತ್ತೇನೆ. ‘ಮೆ ಕೆದೊ ಕೋನ್ ಆನಾ’ ಎಂದರೆ ಆನಾ ಜೊತೆಗೇ ಉಳಿದುಬಿಡುತ್ತೇನೆ. ‘ಮೆ ಕೆದೊ ಎನ್ ಕಾಸಾ’ ಎಂದರೆ ಮನೆ ಬಿಟ್ಟು ಕದಲುವುದೇ ಇಲ್ಲ. ಬಾಯಿಗೆ ರೂಢಿಯಾಗೋವರೆಗೆ ಸ್ವಲ್ಪ ಎಚ್ಚರ ಬೇಕು.

ಹೊಸಬರಿಗೆ ಮಾತ್ರ ನಾನು ಹೇಳುವುದು ‘ತೊಮಾರ್ ಆಲ್ಗೊ’. ಏನಾದರೂ ಕುಡಿಯೋಣ ಅಂತ. ನಮ್ಮಲ್ಲಿ ‘ಕಾಫಿಗೆ ಹೋಗೋಣ್ವಾ’ ಅಂತೀವಲ್ಲ, ಹಾಗೆ. ಕಾಫಿ ಬರೀ ನೆಪ, ಮಾತೇ ಮುಖ್ಯ. ಬಿಯರೋ ಕೋಲಾನೋ ಯಾರೂ ಕೇಳಲ್ಲ. ಆಫೀಸಿನವರನ್ನೂ ಮುಜುಗರವಿಲ್ಲದೆ ಕರೆಯಬಹುದು. ಆದರೆ ಉತ್ಸಾಹದಲ್ಲಿ ‘ತೆ ಇನ್ವೀತೊ’ (ನಾನೇ ಕೊಡಿಸ್ತೀನಿ) ಅಂತ ಸೇರಿಸಿದರೆ ಬಿಲ್ಲು ನಿಮ್ಮದೇ.

‘ಈರ್ ದೆ ತಾಪಾಸ್’ ಬೇರೆ ಜಾತಿ. ಒಂದೇ ಕಡೆ ಕೂರದೆ ಬಾರಿನಿಂದ ಬಾರಿಗೆ ಚೂರುಪಾರು ತಿನ್ನುತ್ತಾ ಹೋಗುವುದು. ಭಾನುವಾರ ಮಧ್ಯಾಹ್ನ ಲಾ ಲತೀನಾ ಬಡಾವಣೆಗೆ ಹೋದರೆ ವಿವರಣೆಯೇ ಬೇಡ.

ಇದೆಲ್ಲ ಸ್ಪೇನಿನ ಮಾತು. ಅರ್ಜೆಂಟೀನಾದವರು ‘ಕೆದಾಮೋಸ್’ ಬದಲು ‘ನೋಸ್ ಹುಂತಾಮೋಸ್’ ಅನ್ನುವುದೇ ಜಾಸ್ತಿ. ಮೆಕ್ಸಿಕೊದಲ್ಲಿ ಬರೀ ‘ತೊಮಾರ್’ ಎಂದರೆ ಮದ್ಯ ಎಂದೇ ತಿಳಿಯಬಹುದು. ಅಲ್ಲಿ ಕಾಫಿಗೆ ಕರೆಯುವಾಗ ‘ಉನ್ ಕಫೆ’ ಅಂತ ಬಿಡಿಸಿ ಹೇಳಿ.