ಗುಂಡಿ ಗಟ್ಟಿ, ಕೊಂಡಿ ಸಡಿಲ: ಶಟರ್ ರಿಲೀಸ್‌ಗಳ ಜೊತೆ ಎಂಟು ವರ್ಷ

ಕ್ಯಾಮೆರಾ ಮುಟ್ಟದೆ ಫೋಟೋ ತೆಗೆಯುವುದಕ್ಕೆ ಅಂತ ಇಷ್ಟು ವರ್ಷದಲ್ಲಿ ನಾಲ್ಕು ಸಾಮಾನು ಕೊಂಡಿದ್ದೇನೆ. ತಿರುಪಿನ ಹಳೆಯ ಕೇಬಲ್ ರಿಲೀಸ್, ಪ್ಲಗ್ ಇರುವ ವೈರ್ ರಿಮೋಟ್, ಇನ್‌ಫ್ರಾರೆಡ್ ರಿಮೋಟ್, ಹೇಳಿದ ಸಮಯಕ್ಕೆ ತಾನೇ ಕ್ಲಿಕ್ ಮಾಡುವ ಇಂಟರ್ವಲೋಮೀಟರ್. ಫೋನಿನ ಆ್ಯಪ್ ಬಿಟ್ಟಿ ಸಿಕ್ಕಿದ್ದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇದರಲ್ಲಿ ಒಂದು ದಿನವೂ ಕೈಕೊಡದೆ ಇರುವುದು ಎಲ್ಲಕ್ಕಿಂತ ಅಗ್ಗದ್ದು. ತಿರುಪಿನ ಕೇಬಲ್!

ಅದನ್ನು ಕೊಂಡಿದ್ದು ಪೆಂಟ್ಯಾಕ್ಸ್ ಕೆ1000ಗಾಗಿ. 1976ರಲ್ಲಿ ಬಂದ ಈ ಕ್ಯಾಮೆರಾದಲ್ಲಿ ಸೆಲ್ಫ್ ಟೈಮರ್ ಕೂಡ ಇಲ್ಲ. ಅಂದರೆ ಟ್ರೈಪಾಡ್ ಮೇಲಿಟ್ಟು ನಿಧಾನದ ಶಟರ್ ಬಳಸಬೇಕಾದರೆ ಕೇಬಲ್ ಬೇಕೇ ಬೇಕು, ಬೆರಳಲ್ಲಿ ಒತ್ತಿದರೆ ಚಿತ್ರ ಅಲುಗಾಡುತ್ತದೆ.

ಹಾಕುವುದಕ್ಕೂ ಒಂದು ಕ್ರಮ ಇದೆ. ಶಟರ್ ಗುಂಡಿಯ ನಡುವಿನ ತೂತಿಗೆ ಕೇಬಲ್ ತುದಿ ಇಟ್ಟು ಮೊದಲು ಅರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತೇನೆ. ತಿರುಪು ಸರಿಯಾದ ಜಾಗಕ್ಕೆ ಬಿದ್ದದ್ದು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮುಂದಕ್ಕೆ. ಬಾಟಲಿ ಮುಚ್ಚಳ ಹಾಕುವಾಗ ಮಾಡುತ್ತೇವಲ್ಲ, ಅದೇ ತರಹ. ಹಾಗೆ ಮಾಡದೆ ಒತ್ತಾಯದಿಂದ ತಿರುಗಿಸಿದರೆ ಗುಂಡಿಯ ತಿರುಪೇ ಸವೆದುಹೋಗಬಹುದು. ಕೇಬಲ್ ಬಿಗಿಯಾಗಿರಬಾರದು, ಸಡಿಲವಾಗಿ ಬಾಗಿ ನೇತಾಡಬೇಕು. ಬಿಗಿಯಾಗಿದ್ದರೆ ಕೈಯ ನಡುಕ ಸೀದಾ ಕ್ಯಾಮೆರಾಗೆ ಹೋಗುತ್ತದೆ, ಕೇಬಲ್ ಹಾಕಿಯೂ ಪ್ರಯೋಜನ ಇಲ್ಲ. ಗೇಣುದ್ದದ ಪುಟ್ಟ ಕೇಬಲ್ ತಗೊಳ್ಳಬೇಡಿ ಅನ್ನುವುದು ಅದಕ್ಕೇ. ನನ್ನದು 50 ಸೆಂಟಿಮೀಟರ್.

ಆಮೇಲೆ ಹೆಬ್ಬೆರಳಿನಿಂದ ನಿಧಾನಕ್ಕೆ ಒತ್ತುವುದು. ಒಳಗಿನ ತಂತಿ ಜಾರುವುದು, ಒಂದು ಕಡೆ ಸ್ವಲ್ಪ ತಡೆಯುವುದು, ಮತ್ತೆ ಕಟಕ್. ಬಿ ಸೆಟ್ಟಿಂಗ್‌ನಲ್ಲಿದ್ದರೆ ಒತ್ತಿ ಹಿಡಿದು ಪಕ್ಕದ ಪುಟ್ಟ ಸ್ಕ್ರೂ ಬಿಗಿ ಮಾಡಿದರಾಯಿತು, ಬಿಚ್ಚುವವರೆಗೂ ಶಟರ್ ತೆರೆದೇ ಇರುತ್ತದೆ. ಆ 'ಬಿ' ಅಂದರೆ ಬಲ್ಬ್, ಆದರೆ ದೀಪದ ಬಲ್ಬ್ ಅಲ್ಲ. ಹಿಂದಿನ ಕಾಲದಲ್ಲಿ ಶಟರ್ ತೆರೆಯಲು ಅಮುಕುತ್ತಿದ್ದ ರಬ್ಬರ್ ಬುರುಡೆ. ಕೆ1000ನ ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಅರ್ಧ ಗಂಟೆ ತೆರೆದಿಟ್ಟರೂ ಅದಕ್ಕೇನೂ ಖರ್ಚಿಲ್ಲ.

ಕೊಳ್ಳುವಾಗ ಗೊತ್ತಿಲ್ಲದೆ ಸಿಕ್ಕ ಖುಷಿ ಇನ್ನೊಂದು. ಕಣ್ಣು ವ್ಯೂಫೈಂಡರ್‌ನಲ್ಲಿ ಇರಬೇಕಾಗಿಲ್ಲ! ಯಾರದ್ದಾದರೂ ಫೋಟೋ ತೆಗೆಯುವಾಗ ಕ್ಯಾಮೆರಾ ಪಕ್ಕದಲ್ಲಿ ಕುರ್ಚಿ ಹಾಕಿ ಕೂತು, ಕೇಬಲ್ ಮಡಿಲಲ್ಲಿಟ್ಟುಕೊಂಡು ಸುಮ್ನೆ ಮಾತಾಡುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ಯಾವಾಗ ಒತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಈಗ ಡಿಜಿಟಲ್ ವಿಷಯ. ಇಲ್ಲಿಂದ ನನ್ನ ಸಿಟ್ಟು ಶುರು.

ಸಾಮಾನ್ಯ ವೈರ್ ರಿಮೋಟ್ ಒಳಗೆ ಏನೂ ಇಲ್ಲ. ಮೂರು ತಂತಿ, ಅಷ್ಟೇ. ಒಂದು ಗ್ರೌಂಡ್, ಒಂದು ಫೋಕಸ್‌ಗೆ, ಒಂದು ಶಟರ್‌ಗೆ. ಅರ್ಧ ಒತ್ತಿದರೆ ಎರಡು ತಂತಿ ಸೇರುತ್ತವೆ, ಪೂರ್ತಿ ಒತ್ತಿದರೆ ಮೂರೂ. ಇಷ್ಟು ಸರಳವಾದದ್ದಕ್ಕೆ ಎಷ್ಟು ತರದ ಪ್ಲಗ್ ನೋಡಿ. ಕ್ಯಾನನ್‌ನ ಚಿಕ್ಕ ಡಿಎಸ್‌ಎಲ್‌ಆರ್‌ಗಳಿಗೆ 2.5 ಮಿಲಿಮೀಟರ್ ಗುಂಡು ಪಿನ್, ದೊಡ್ಡವಕ್ಕೆ ಮೂರು ಪಿನ್ನಿನ ಎನ್3. ನಿಕಾನ್‌ನ ದೊಡ್ಡವಕ್ಕೆ ಹತ್ತು ಪಿನ್, ಚಿಕ್ಕವಕ್ಕೆ ಬೇರೇನೋ. ಸೋನಿಗೆ ಇನ್ನೊಂದು. ಕ್ಯಾಮೆರಾ ಬದಲಾಯಿಸಿದರೆ ರಿಮೋಟೂ ಬದಲಾಯಿಸಬೇಕು, ಇಲ್ಲ ಬೇರೆ ವೈರ್ ಹುಡುಕಬೇಕು.

ಅದನ್ನಾದರೂ ಸಹಿಸಬಹುದು. ನನ್ನನ್ನು ಸುಸ್ತು ಮಾಡಿದ್ದು ಆ 2.5 ಮಿಲಿಮೀಟರ್ ಪಿನ್ನು. ಅದಕ್ಕೆ ತಿರುಪೂ ಇಲ್ಲ, ಕೊಕ್ಕೆಯೂ ಇಲ್ಲ. ಮೇಲಿಂದ ಕ್ಯಾಮೆರಾದ ರಬ್ಬರ್ ಮುಚ್ಚಳ ಪದೇ ಪದೇ ವಾಪಸ್ ಬಂದು ಪಿನ್ನನ್ನು ಹೊರಗೆ ತಳ್ಳುತ್ತದೆ. ಒಂದು ರಾತ್ರಿ ನಕ್ಷತ್ರಗಳ ಜಾಡು ತೆಗೆಯಲು 30 ಸೆಕೆಂಡ್ ಶಟರ್, ಒಂದರ ಹಿಂದೆ ಒಂದು ಫೋಟೋ ತೆಗೆಯುವ ಕಂಟಿನ್ಯುಯಸ್ ಮೋಡ್, ರಿಮೋಟಿನ ಗುಂಡಿ ಲಾಕ್ ಮಾಡಿ ಹೋಗಿ ಮಲಗಿದೆ. ಬೆಳಗ್ಗೆ ಎದ್ದು ಬಂದು ನೋಡಿದರೆ ರಿಮೋಟ್ ತನ್ನ ಭಾರಕ್ಕೇ ಪಿನ್ನನ್ನು ಎಳೆದುಕೊಂಡು ನೇತಾಡುತ್ತಿದೆ, ಕಾರ್ಡಿನಲ್ಲಿ ಇರುವುದು 41 ಫೋಟೋ. ಇಪ್ಪತ್ತು ನಿಮಿಷದ ಆಕಾಶ! ಗುಂಡಿ ಮಾತ್ರ ಹಾಗೇ ಲಾಕ್ ಆಗಿತ್ತು, ಅದರ ತಪ್ಪೇನೂ ಇಲ್ಲ.

ಈಗ ವೈರನ್ನು ಕ್ಯಾಮೆರಾದ ಬೆಲ್ಟ್ ಹಾಕುವ ಬಳೆಯೊಳಗೆ ಒಂದು ಸುತ್ತು ತೂರಿಸಿ ರಬ್ಬರ್ ಬ್ಯಾಂಡ್ ಕಟ್ಟುತ್ತೇನೆ. ಎಳೆತ ಬಳೆಗೆ ಬೀಳುತ್ತದೆ, ಪಿನ್ನಿಗೆ ಅಲ್ಲ. ಆಮೇಲೆ ಒಮ್ಮೆಯೂ ಬಿದ್ದಿಲ್ಲ.

ಇನ್‌ಫ್ರಾರೆಡ್ ರಿಮೋಟ್‌ಗೆ ವೈರೇ ಇಲ್ಲ, ತಲೆನೋವೂ ಇಲ್ಲ ಅಂದುಕೊಂಡಿದ್ದೆ. ನನ್ನ ಕ್ಯಾಮೆರಾದಲ್ಲಿ ಅದರ ಸೆನ್ಸರ್ ಇರುವುದು ಮುಂದೆ, ನಾನು ನಿಲ್ಲುವುದು ಹಿಂದೆ. ಟ್ರೈಪಾಡನ್ನು ತಬ್ಬಿಕೊಂಡು ಕೈ ಮುಂದೆ ಚಾಚಿ ಒತ್ತಬೇಕು. ಬಿಸಿಲಲ್ಲಿ ಹತ್ತು ಸಲ ಒತ್ತಿದರೆ ಮೂರು ಸಲ ಕೇಳಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕ್ಯಾಮೆರಾ ತಾನಾಗಿ ರಿಮೋಟ್ ಮೋಡಿನಿಂದ ಹೊರಗೆ ಬಂದುಬಿಡುತ್ತದೆ. ಮನೆಮಂದಿಯ ಜೊತೆ ನಿಂತು ಗುಂಪಿನ ಫೋಟೋ ತೆಗೆಯಲು ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ, ಅಂಗೈಯಲ್ಲಿ ಅಡಗುತ್ತದೆ.

ಇಂಟರ್ವಲೋಮೀಟರ್ ಕೊಂಡಿದ್ದು ಶಟರ್ 30 ಸೆಕೆಂಡಿಗಿಂತ ಜಾಸ್ತಿ ತೆರೆದಿರಬೇಕಾದಾಗ ಅಂತ. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ನನ್ನದಕ್ಕೆ ಆಫ್ ಸ್ವಿಚ್ಚೇ ಇಲ್ಲ. ಬ್ಯಾಗಿನಲ್ಲೇ ಬ್ಯಾಟರಿ ತಿಂದು ಮುಗಿಸುತ್ತದೆ, ಅದಕ್ಕೆ ಸೆಲ್ ಬಿಚ್ಚಿ ಬೇರೆ ಇಟ್ಟಿರುತ್ತೇನೆ. ಕ್ಯಾಮೆರಾದಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ (ತುಂಬಾ ಹೊತ್ತಿನ ಫೋಟೋದಲ್ಲಿ ಬರುವ ಚುಕ್ಕೆಗಳನ್ನು ಕಡಿಮೆ ಮಾಡುವ ಸೆಟ್ಟಿಂಗ್) ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಎರಡು ನಿಮಿಷದ ಫೋಟೋಗೆ ಇನ್ನೆರಡು ನಿಮಿಷ ಕತ್ತಲೆಯ ಫೋಟೋ ತೆಗೆಯುತ್ತಾ ಕೂರುತ್ತದೆ, ಅಷ್ಟರಲ್ಲಿ ಬಂದ ಮುಂದಿನ ಕ್ಲಿಕ್ ವ್ಯರ್ಥ.

ಫೋನ್ ಆ್ಯಪನ್ನು ತುಂಬಾ ದಿನ ಆಡಿಕೊಂಡೆ. ವೈಫೈ ಜೋಡಿಸುವಷ್ಟರಲ್ಲಿ ಬೆಳಕೇ ಹೋಗಿರುತ್ತದೆ ಅಂತ. ಆ ಮಾತು ಈಗಲೂ ನಿಜ. ಆದರೆ ನೆಲಕ್ಕಂಟಿದ ಅಣಬೆಯ ಫೋಟೋ ತೆಗೆಯಲು ಕ್ಯಾಮೆರಾ ಮಣ್ಣಲ್ಲಿಟ್ಟು, ನಾನು ಕಲ್ಲಿನ ಮೇಲೆ ಕೂತು ಫೋನಿನಲ್ಲಿ ಫ್ರೇಮ್ ನೋಡಿ ಒತ್ತಿದ ದಿನ ಬಾಯಿ ಮುಚ್ಚಿಕೊಂಡೆ. ಹೊಟ್ಟೆ ಮೇಲೆ ಮಲಗಿ ಏಳುವುದು ಈ ಮಂಡಿಗೆ ಈಗ ಆಗದ ಕೆಲಸ.

ನೀವು ರಾತ್ರಿ ಫೋಟೋ ತೆಗೆಯುವುದೇ ಅಪರೂಪ ಅಂದರೆ ಇದ್ಯಾವುದೂ ಬೇಡ, ಕ್ಯಾಮೆರಾದ 2 ಸೆಕೆಂಡ್ ಟೈಮರ್ ಸಾಕು. ಹಳೆಯ ಫಿಲ್ಮ್ ಕ್ಯಾಮೆರಾ ಇದ್ದರೆ ತಿರುಪಿನ ಕೇಬಲ್ ಕಣ್ಣು ಮುಚ್ಚಿ ತಗೊಳ್ಳಿ. ನಿಕಾನ್ ಎಫ್ ಮತ್ತು ಎಫ್2 ತರದವು ಬೇರೆ, ಅವುಗಳ ತಿರುಪು ಗುಂಡಿಯ ಸುತ್ತ ಇರುವುದರಿಂದ ಮಾಮೂಲಿ ಕೇಬಲ್ ಹಿಡಿಯುವುದಿಲ್ಲ. ಇನ್ನೊಂದು ಕಡೆ 2013ರ ನಿಕಾನ್ ಡಿಎಫ್, ಫ್ಯೂಜಿಯ ಎಕ್ಸ್100 ತರದ ಡಿಜಿಟಲ್ ಕ್ಯಾಮೆರಾಗಳ ಗುಂಡಿಯಲ್ಲೂ ಆ ಹಳೇ ತೂತು ಇದೆ. ಸ್ನೇಹಿತನ ಎಕ್ಸ್100ಗೆ ನನ್ನ ಕೇಬಲ್ ಹಾಕಿ ನೋಡಿದೆ, ಅದೇ ಅರ್ಧ ಸುತ್ತು ಹಿಂದಕ್ಕೆ, ಆಮೇಲೆ ಮುಂದಕ್ಕೆ, ಗಟ್ಟಿಯಾಗಿ ಕೂತಿತು.

ನನ್ನ ಬ್ಯಾಗಿನಲ್ಲಿ ಈಗ ಇರುವುದು ಕೇಬಲ್, ವೈರ್ ರಿಮೋಟ್, ನಾಲ್ಕು ರಬ್ಬರ್ ಬ್ಯಾಂಡ್. ರಬ್ಬರ್ ಬ್ಯಾಂಡನ್ನು ಮಾತ್ರ ಆಗಾಗ ಬದಲಾಯಿಸಬೇಕು, ಹಳೆಯದಾದರೆ ವೈರಿಗೆ ಅಂಟಿಕೊಳ್ಳುತ್ತದೆ.